‘ವಯಸ್ಸಾಯ್ತು, ಸುಸ್ತು ಇದ್ದಿದ್ದೇ’ ಅಂತ ಬಿಡಬೇಡಿ: ಹಿರಿಯರ ತಟ್ಟೆಯಲ್ಲಿ ಏನು ಕಮ್ಮಿಯಾಗಿದೆ ನೋಡಿ

ತುಮಕೂರು: ಬೆಂಗಳೂರಿನಿಂದ ಮಗ ಫೋನ್ ಮಾಡುತ್ತಾನೆ. ‘ಅಮ್ಮ, ಊಟ ಆಯ್ತಾ?’ ‘ಆಯ್ತಪ್ಪ.’ ‘ಆರಾಮಾಗಿದ್ದೀಯಾ?’ ‘ಇದ್ದೀನಿ. ಯಾಕೋ ಸುಸ್ತು, ಅಷ್ಟೇ. ವಯಸ್ಸಾಯ್ತಲ್ಲ.’ ಮಾತು ಅಲ್ಲಿಗೆ ಮುಗಿಯುತ್ತದೆ.

ಶಿರಾ, ಮಧುಗಿರಿ, ಕುಣಿಗಲ್, ತಿಪಟೂರು ಕಡೆಯ ಹಳ್ಳಿಗಳಲ್ಲಿ ಮಕ್ಕಳು ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದ್ದಾರೆ. ಊರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಇಲ್ಲವೇ ಒಬ್ಬರೇ. ಇಂಥ ಮನೆಗಳಲ್ಲಿ ಈ ಮಾತುಕತೆ ಹೊಸದಲ್ಲ. ಆದರೆ ಇದರಲ್ಲಿ ಎರಡು ಪ್ರಶ್ನೆ ಕೇಳದೆ ಉಳಿದುಹೋಗುತ್ತವೆ. ಊಟಕ್ಕೆ ಏನಿತ್ತು? ಸುಸ್ತು ಎಂದಿನಿಂದ?

ವಯಸ್ಸಾದಂತೆ ಓಡಾಟ ನಿಧಾನವಾಗುವುದು ಸಹಜ. ಬೆಳಿಗ್ಗೆ ಎದ್ದಾಗಿನಿಂದಲೇ ಮೈ ಸೋತಂತಿರುವುದು, ನಾಲ್ಕು ಹೆಜ್ಜೆಗೆ ಕೂರಬೇಕು ಅನ್ನಿಸುವುದು, ಬೀದಿ ತುದಿಯ ಅಂಗಡಿಗೂ ಹೋಗಲಾರದಂತಾಗುವುದು ಸಹಜವಲ್ಲ. ಇದಕ್ಕೆ ಬಹಳ ಸಲ ಕಾರಣ ಇರುತ್ತದೆ, ಆ ಕಾರಣಕ್ಕೆ ಪರಿಹಾರವೂ ಇರುತ್ತದೆ. ಕೆಲವು ಕಾರಣ ಆಸ್ಪತ್ರೆಯಲ್ಲಿ ಗೊತ್ತಾಗುತ್ತವೆ. ಇನ್ನು ಕೆಲವು ಊಟದ ತಟ್ಟೆ ನೋಡಿದರೆ ಸಾಕು, ಗೊತ್ತಾಗುತ್ತವೆ.

ಹೊಟ್ಟೆ ತುಂಬುತ್ತೆ, ಶಕ್ತಿ ಬರಲ್ಲ

ಸುಮಾರು 50 ಕೆ.ಜಿ. ತೂಕದ ಅಜ್ಜಿಯೊಬ್ಬರ ದಿನದ ಊಟ ಹೀಗಿದೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಕಾಫಿ, ಎರಡು ಬಿಸ್ಕತ್ತು. ತಿಂಡಿಗೆ ಒಂದು ಬಟ್ಟಲು ಉಪ್ಪಿಟ್ಟೋ ಚಿತ್ರಾನ್ನವೋ. ಮಧ್ಯಾಹ್ನ ಒಂದು ಮುದ್ದೆ, ಮೇಲೆ ತಿಳಿ ಸಾರು. ಸಂಜೆ ಟೀ. ರಾತ್ರಿ ‘ಒಬ್ಬಳಿಗೆ ಏನ್ ಮಾಡ್ಕೊಳ್ಳೋದು’ ಅಂತ ಒಂದಿಷ್ಟು ಅನ್ನ, ಮಜ್ಜಿಗೆ, ಉಪ್ಪಿನಕಾಯಿ.

ಹಸಿವು ನೀಗುತ್ತದೆ, ಮೂರು ಹೊತ್ತಿನ ಊಟವೂ ಆಯಿತು. ಆದರೆ ಇದರಲ್ಲಿರುವ ಪ್ರೋಟೀನ್ ಲೆಕ್ಕ ಹಾಕಿದರೆ 25 ಗ್ರಾಂ ಆಸುಪಾಸು ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ದಾಟಿದವರಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 1ರಿಂದ 1.2 ಗ್ರಾಂ ಇರಲಿ ಅನ್ನುವುದು ವೃದ್ಧಾಪ್ಯದ ಆರೋಗ್ಯ ನೋಡಿಕೊಳ್ಳುವ ಅನೇಕ ತಜ್ಞರ ಸಲಹೆ. ಆ ಲೆಕ್ಕದಲ್ಲಿ ಈ ಅಜ್ಜಿಗೆ ಬೇಕಾದದ್ದು 50ರಿಂದ 60 ಗ್ರಾಂ. ಸಿಗುತ್ತಿರುವುದು ಅದರಲ್ಲಿ ಅರ್ಧ.

‘ಮುದ್ದೆ ತಿಂತೀವಲ್ಲ, ಶಕ್ತಿ ಬರಲ್ವಾ?’ ಅಂತ ಕೇಳುವವರಿದ್ದಾರೆ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರಿನಂಶವೂ ಚೆನ್ನಾಗಿದೆ. ಆದರೆ ಪ್ರೋಟೀನ್ ಇರೋದು 7 ಗ್ರಾಂ ಮಾತ್ರ. ಮುದ್ದೆಗೆ ಜೊತೆಯಾಗಿ ಕಾಳು, ಸೊಪ್ಪು, ಮೊಸರು, ಮೊಟ್ಟೆ ಅಥವಾ ಮಾಂಸ ಇದ್ದಾಗಲೇ ಅದು ಪೂರ್ತಿ ಊಟ. ಹಿಂದಿನವರು ಬರೀ ಮುದ್ದೆ ತಿಂದು ಗಟ್ಟಿ ಇರಲಿಲ್ಲ. ಮುದ್ದೆಯ ಜೊತೆ ಹುರುಳಿ, ಅವರೆ, ಅಲಸಂದೆ, ತೊಗರಿ, ಹೊಲದ ಸೊಪ್ಪು ಎಲ್ಲ ಇರುತ್ತಿತ್ತು.

ಬಸ್ಸಾರಿನ ನೀರು ಒಬ್ಬರಿಗೆ, ಕಾಳು ಇನ್ನೊಬ್ಬರಿಗೆ

ಈ ಭಾಗದ ಬಸ್ಸಾರು ಎಲ್ಲರಿಗೂ ಗೊತ್ತು. ಕಾಳು, ಸೊಪ್ಪು ಬೇಯಿಸಿ, ನೀರು ಬಸಿದು ಅದರಿಂದ ಸಾರು ಮಾಡುತ್ತಾರೆ. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ನೀರಿನಲ್ಲಿ ರುಚಿ ಇರುತ್ತದೆ, ಒಂದಷ್ಟು ಸತ್ವವೂ ಇರುತ್ತದೆ. ಆದರೆ ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲೇ.

ಮನೆಯ ಹಿರಿಯರು ಮಾಡುವುದೇನು? ಮುದ್ದೆಯನ್ನು ಸಾರಲ್ಲಿ ಅದ್ದಿ ನುಂಗುತ್ತಾರೆ, ಪಲ್ಯ ಮಾತ್ರ ಬೇಡ ಅನ್ನುತ್ತಾರೆ. ಹಲ್ಲಿಲ್ಲ, ಅಗಿಯಲು ಆಗಲ್ಲ, ಕಾಳು ತಿಂದರೆ ವಾಯು ಅನ್ನುವ ಭಯ ಬೇರೆ. ಇನ್ನು ಕೆಲವರು ‘ಮಕ್ಕಳು ತಿನ್ಲಿ ಬಿಡು’ ಅಂತ ಮೊಮ್ಮಕ್ಕಳ ತಟ್ಟೆಗೆ ಸರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಹಾಲು ಡೇರಿಗೆ ಹೋಗುತ್ತದೆ, ಕಾಫಿಗೆ ಒಂದು ಲೋಟ ಉಳಿಯುತ್ತದೆ. ನಾಟಿ ಕೋಳಿ ಮೊಟ್ಟೆ, ಹೊಲದ ಕಡಲೆಕಾಯಿ ಸಂತೆಗೆ ಹೋಗುತ್ತವೆ. ಬೆಳೆದವರ ತಟ್ಟೆಯಲ್ಲಿ ಮಾತ್ರ ಅನ್ನ, ತಿಳಿ ಸಾರು.

ಪರಿಹಾರ ಕಷ್ಟವಲ್ಲ. ಕಾಳನ್ನು ರಾತ್ರಿಯೇ ನೆನೆಸಿ, ಮೊಳಕೆ ಕಟ್ಟಿ, ಕುಕ್ಕರಿನಲ್ಲಿ ಎರಡು ವಿಷಲ್ ಹೆಚ್ಚಿಗೆ ಕೂಗಿಸಿದರೆ ಬೆಣ್ಣೆಯ ಹಾಗೆ ಬೇಯುತ್ತದೆ. ಹಲ್ಲಿಲ್ಲದವರಿಗೆ ಪಲ್ಯದ ಒಂದು ಭಾಗವನ್ನು ಮಸೆದು ಸಾರಿಗೇ ಸೇರಿಸಿ ಗಟ್ಟಿ ಮಾಡಬಹುದು. ಮಸ್ಸೊಪ್ಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೇಳೆ, ಸೊಪ್ಪು ಎರಡೂ ಕಡೆದು ಹೋಗಿರುವುದರಿಂದ ಅಗಿಯುವ ಕೆಲಸವೇ ಇಲ್ಲ. ವಾಯುವಿನ ತೊಂದರೆ ಇದ್ದವರು ಹೆಸರುಕಾಳು, ಹೆಸರುಬೇಳೆಯಿಂದ ಶುರು ಮಾಡಿ, ಪ್ರಮಾಣವನ್ನು ನಿಧಾನವಾಗಿ ಹೆಚ್ಚಿಸಿದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಮಾಂಸಖಂಡ ಕರಗೋದು ಕಣ್ಣಿಗೆ ಕಾಣಲ್ಲ

ಪ್ರೋಟೀನ್ ಕಮ್ಮಿಯಾದರೆ ಸುಸ್ತು ಯಾಕೆ? ಕೂತಲ್ಲಿಂದ ಏಳಲು, ಮೆಟ್ಟಿಲು ಹತ್ತಲು, ಕೊಡ ಎತ್ತಲು ಬೇಕಿರುವುದು ಮಾಂಸಖಂಡ. 30 ದಾಟಿದ ಮೇಲೆ ಅದು ನಿಧಾನವಾಗಿ ಕರಗುತ್ತಾ ಬರುತ್ತದೆ, 60ರ ನಂತರ ಈ ಕರಗುವಿಕೆ ಚುರುಕಾಗುತ್ತದೆ. ಊಟದಲ್ಲಿ ಪ್ರೋಟೀನ್ ಸಾಲದಿದ್ದರೆ, ಮೈಗೆ ಕೆಲಸವೂ ಇಲ್ಲದಿದ್ದರೆ ಇನ್ನಷ್ಟು ಬೇಗ. ವೈದ್ಯರು ಇದನ್ನು ಸಾರ್ಕೊಪೀನಿಯಾ ಅನ್ನುತ್ತಾರೆ. ಉಳಿದಿರುವ ಅಷ್ಟಿಷ್ಟು ಮಾಂಸಖಂಡ ಇಡೀ ಮೈಯ ಭಾರ ಹೊರಬೇಕಾದಾಗ ಸಣ್ಣ ಕೆಲಸವೂ ದೊಡ್ಡದಾಗುತ್ತದೆ. ಆಗ ಬರುವ ಮಾತೇ ‘ಕೈಕಾಲು ಸೋಲ್ತಾವೆ’.

ಮನೆಯಲ್ಲೇ ಒಂದು ಗುರುತು ನೋಡಬಹುದು. ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತಿದೆಯಾ? ಆರು ತಿಂಗಳ ಹಿಂದೆ ಸರಾಗವಾಗಿ ಏಳುತ್ತಿದ್ದವರು ಈಗ ಗೋಡೆ, ಮೊಣಕಾಲು ಹಿಡಿದು ಏಳುತ್ತಿದ್ದಾರಾ? ರವಿಕೆ ಸಡಿಲವಾಗಿದೆಯಾ, ಬಳೆ ಮೊಣಕೈವರೆಗೆ ಜಾರುತ್ತಿದೆಯಾ? ಇವೆಲ್ಲ ಎಚ್ಚರಿಕೆಯ ಗಂಟೆ. ಕಾಲಿನ ಬಲ ಹೋದವರು ಬಚ್ಚಲಲ್ಲಿ, ಹೊಸ್ತಿಲಲ್ಲಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಸುಸ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅನ್ನುವುದು ಇದಕ್ಕೇ.

ತಿಂದ ಪ್ರೋಟೀನ್ ಮೈಗೆ ಹತ್ತಬೇಕಾದರೆ ಮಾಂಸಖಂಡಕ್ಕೆ ಕೆಲಸವೂ ಬೇಕು. ಬೆಳಿಗ್ಗೆ, ಸಂಜೆ ಸ್ವಲ್ಪ ನಡಿಗೆ, ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು ಎಂಟು ಹತ್ತು ಸಲ ಮಾಡಿದರೂ ಉಪಯೋಗವಿದೆ. ಬೀಳುವ ಭಯ ಇರುವವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಬೇಕು.

‘ರಕ್ತ ಕಮ್ಮಿ’ ಇದ್ದರೆ ಬೀಟ್‌ರೂಟ್ ಒಂದೇ ಸಾಲದು

ಹಿರಿಯರ ಸುಸ್ತಿಗೆ ಇನ್ನೊಂದು ದೊಡ್ಡ ಕಾರಣ ರಕ್ತಹೀನತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಪ್ರಮಾಣ ಗಂಡಸರಲ್ಲಿ 13 ಗ್ರಾಂ, ಹೆಂಗಸರಲ್ಲಿ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಮೈಗೆಲ್ಲ ಆಮ್ಲಜನಕ ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದೇ ಕಮ್ಮಿಯಾದರೆ ನಾಲ್ಕು ಹೆಜ್ಜೆಗೇ ಏದುಸಿರು, ಎದೆ ಬಡಿತ, ತಲೆ ಸುತ್ತು.

ಬೀಟ್‌ರೂಟ್ ಕೆಂಪಗಿದೆ ಅಂದ ಮಾತ್ರಕ್ಕೆ ರಕ್ತ ಹೆಚ್ಚಾಗುವುದಿಲ್ಲ, ಅದರಲ್ಲಿರುವ ಕಬ್ಬಿಣಾಂಶ ಕಡಿಮೆ. ದಂಟಿನ ಸೊಪ್ಪು, ಕೀರೆ ಸೊಪ್ಪು, ಹುರುಳಿ, ಕಡಲೆಕಾಳು, ಎಳ್ಳು, ಮೊಳಕೆ ಕಟ್ಟಿದ ರಾಗಿ, ಮಾಂಸ ತಿನ್ನುವವರಿಗೆ ಈಲಿ ಇವು ಹೆಚ್ಚು ಉಪಯುಕ್ತ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೆ ವಿಟಮಿನ್ ಸಿ ಜೊತೆಯಾಗಬೇಕು. ಪಲ್ಯಕ್ಕೆ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ, ಊಟದ ಜೊತೆ ನೆಲ್ಲಿಕಾಯಿಯೋ ಸೀಬೆಹಣ್ಣೋ ಇದ್ದರೆ ಆ ಕೆಲಸ ಆಗುತ್ತದೆ.

ಊಟ ಆದ ಕೂಡಲೇ ಕುಡಿಯುವ ಟೀ, ಕಾಫಿ ಇದಕ್ಕೆ ಅಡ್ಡಗಾಲು. ಅವುಗಳಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಟೀ ಬಿಡಬೇಕಿಲ್ಲ, ಊಟಕ್ಕೂ ಟೀಗೂ ಮಧ್ಯೆ ಕನಿಷ್ಠ ಒಂದು ಗಂಟೆ ಇದ್ದರೆ ಸಾಕು. ಕಬ್ಬಿಣದ ಮಾತ್ರೆ ನುಂಗುವವರಿಗೂ ಇದೇ ನಿಯಮ.

ಇಲ್ಲೊಂದು ಎಚ್ಚರ ಬೇಕು. ವಯಸ್ಸಾದವರಲ್ಲಿ ರಕ್ತ ಕಮ್ಮಿಯಾಗಿದ್ದರೆ ಅದು ಊಟದ ಕೊರತೆಯೇ ಅಂತ ಹೇಳಲಾಗದು. ಮಂಡಿನೋವಿಗೆ ಅಂತ ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಯಿಂದ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿರಬಹುದು, ಮೂಲವ್ಯಾಧಿ ಇರಬಹುದು, ಕರುಳಿನ ಬೇರೆ ಕಾಯಿಲೆಯೂ ಇರಬಹುದು. ಮಲ ಡಾಂಬರಿನಂತೆ ಕಪ್ಪಗಿದ್ದರೆ, ರಕ್ತ ಕಂಡರೆ ಟಾನಿಕ್ ಕುಡಿಯುತ್ತಾ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು.

ಸಸ್ಯಾಹಾರಿಗಳು, ಶುಗರ್ ಮಾತ್ರೆ ನುಂಗುವವರು ಗಮನಿಸಿ

ಪಾದದಲ್ಲಿ ಜೋಮು, ಉರಿ, ನಡೆಯುವಾಗ ಹತ್ತಿಯ ಮೇಲೆ ಕಾಲಿಟ್ಟಂತೆ, ಮರೆವು, ಜೊತೆಗೆ ಸುಸ್ತು. ಇವೆಲ್ಲ ಒಟ್ಟಿಗೆ ಕಂಡರೆ ವಿಟಮಿನ್ ಬಿ12 ಕೊರತೆ ಇರಬಹುದು. ಇದು ಧಾನ್ಯ, ಕಾಳು, ಸೊಪ್ಪು, ತರಕಾರಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ಹಾಲು ಡೇರಿಗೆ ಹಾಕಿ, ನೀರು ಮಜ್ಜಿಗೆಯಲ್ಲಿ ಊಟ ಮುಗಿಸುವ ಸಸ್ಯಾಹಾರಿ ಮನೆಯ ಹಿರಿಯರಿಗೆ ಇದು ಸಾಲದೇ ಹೋಗುವ ಸಾಧ್ಯತೆ ಹೆಚ್ಚು.

ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ, ತಿಂದದ್ದರಲ್ಲಿರುವ ಬಿ12 ಕೂಡ ಸರಿಯಾಗಿ ಹೀರಿಕೆಯಾಗದಿರಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಅಂತ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳೂ ಬಿ12 ಮಟ್ಟವನ್ನು ತಗ್ಗಿಸಬಲ್ಲವು. ಹಾಗಂತ ಶುಗರ್ ಮಾತ್ರೆ ನಿಲ್ಲಿಸಬಾರದು. ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ವೈದ್ಯರು ಬರೆದುಕೊಡುವ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಂಡರೆ ಆಯಿತು. ತಡ ಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೇ ಉಳಿಯಬಹುದು.

ಸಕ್ಕರೆ ಕಾಯಿಲೆ ಇರುವವರಲ್ಲಿ ಸುಸ್ತು ಎರಡೂ ಕಡೆಯಿಂದ ಬರುತ್ತದೆ. ತಟ್ಟೆ ತುಂಬ ಅನ್ನ ಉಂಡು ಶುಗರ್ ಏರಿದರೆ ಊಟವಾದ ಮೇಲೆ ತೂಕಡಿಕೆ, ಪದೇ ಪದೇ ಮೂತ್ರ, ಬಾಯಾರಿಕೆ. ಇದಕ್ಕೆ ಹೆದರಿ ಊಟವನ್ನೇ ಕಡಿಮೆ ಮಾಡಿ, ಮಾತ್ರೆ ಮಾತ್ರ ಹಾಗೇ ನುಂಗಿದರೆ ಶುಗರ್ ಇಳಿದು ಬೆವರು, ನಡುಕ, ನಿತ್ರಾಣ. ಸೋಮವಾರ, ಶನಿವಾರ, ಏಕಾದಶಿ ಅಂತ ಒಪ್ಪತ್ತು ಇರುವ ಹಿರಿಯರು ಆ ದಿನದ ಮಾತ್ರೆ, ಇನ್ಸುಲಿನ್ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಕ್ಷೇಮ. ಅನ್ನ, ಮುದ್ದೆ ಸ್ವಲ್ಪ ಕಡಿಮೆ ಮಾಡಿ ಆ ಜಾಗವನ್ನು ಕಾಳು, ಸೊಪ್ಪಿನಿಂದ ತುಂಬಿದರೆ ಏರಿಳಿತ ಎರಡೂ ತಗ್ಗುತ್ತದೆ.

ಬಾಯಾರಿಕೆ ಆಗಲ್ಲ, ನೀರು ಮಾತ್ರ ಬೇಕು

ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಏಳಬೇಕಾಗುತ್ತೆ, ಬಸ್ಸಲ್ಲಿ ಹೋಗುವಾಗ ತೊಂದರೆ, ಶೌಚಾಲಯ ಹಿತ್ತಲಲ್ಲಿದೆ ಅಂತೆಲ್ಲ ಯೋಚಿಸಿ ಬೇಕಂತಲೇ ನೀರು ಕಡಿಮೆ ಕುಡಿಯುವವರೂ ಇದ್ದಾರೆ. ಮೈಯಲ್ಲಿ ನೀರಿನಂಶ ಸ್ವಲ್ಪ ಇಳಿದರೂ ತಲೆಭಾರ, ಎದ್ದು ನಿಂತಾಗ ಕಣ್ಣು ಕತ್ತಲೆ, ಮಲಬದ್ಧತೆ, ಸುಸ್ತು ಕಾಣಿಸಿಕೊಳ್ಳುತ್ತವೆ. ಪಾವಗಡ, ಶಿರಾ ಕಡೆಯ ಬೇಸಿಗೆಯಲ್ಲಿ ಇದು ಇನ್ನೂ ಜಾಸ್ತಿ.

ಬಾಯಾರಲಿ, ಬಿಡಲಿ, ಹೊತ್ತು ಹೊತ್ತಿಗೆ ಒಂದೊಂದು ಲೋಟ ಕುಡಿಯುವ ರೂಢಿ ಒಳ್ಳೆಯದು. ನೀರು, ಮಜ್ಜಿಗೆ, ರಾಗಿ ಅಂಬಲಿ, ಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಏಳುವ ತೊಂದರೆ ಇರುವವರು ಸಂಜೆ ಆರರ ಒಳಗೇ ಹೆಚ್ಚಿನ ಪಾಲು ಕುಡಿದು ಮುಗಿಸಬಹುದು. ಹೃದಯ, ಕಿಡ್ನಿ ತೊಂದರೆ ಇದ್ದು ನೀರಿಗೆ ಮಿತಿ ಹೇಳಿರುವವರು ಮಾತ್ರ ಆ ಮಿತಿಯನ್ನೇ ಪಾಲಿಸಬೇಕು.

‘ಒಂದು ಬಾಟಲ್ ಹಾಕಿಸಿದ್ರೆ ಸರಿಹೋಗುತ್ತೆ’

ಸುಸ್ತು ಅಂದ ಕೂಡಲೇ ಕ್ಲಿನಿಕ್‌ಗೆ ಹೋಗಿ ಗ್ಲುಕೋಸ್ ಬಾಟಲ್ ಹಾಕಿಸಿಕೊಳ್ಳುವುದು ಹಳ್ಳಿಗಳಲ್ಲಿ ಸಾಮಾನ್ಯ. ಅದರಲ್ಲಿ ಏನಿದೆ ಅಂತ ತಿಳಿದಿರಬೇಕು. 500 ಎಂ.ಎಲ್.ನ ಶೇ 5ರ ಗ್ಲುಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲುಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಗಿಂತಲೂ ಕಡಿಮೆ. ಪ್ರೋಟೀನ್ ಇಲ್ಲ, ಕಬ್ಬಿಣ ಇಲ್ಲ, ಬಿ12 ಇಲ್ಲ.

ಮತ್ತೆ ಹಾಕಿಸಿಕೊಂಡ ದಿನ ಹಗುರ ಅನ್ನಿಸುವುದು ಯಾಕೆ? ನೀರು ಕಡಿಮೆಯಾಗಿದ್ದವರಿಗೆ ನೀರು ಸಿಕ್ಕಿತು, ಒಂದೆರಡು ಗಂಟೆ ಮಲಗಿದ್ದಾಯಿತು. ನಾಲ್ಕು ದಿನಕ್ಕೆ ಸುಸ್ತು ವಾಪಸ್. ಸಕ್ಕರೆ ಕಾಯಿಲೆ ಇರುವವರಿಗೆ ಇದರಿಂದ ಶುಗರ್ ಏರುತ್ತದೆ, ಹೃದಯ ಅಥವಾ ಕಿಡ್ನಿ ದುರ್ಬಲವಾಗಿರುವವರಿಗೆ ಹೆಚ್ಚುವರಿ ನೀರು ಅಪಾಯ ತರಬಹುದು. ವಾಂತಿ ಭೇದಿಯಂಥ ಸಂದರ್ಭದಲ್ಲಿ ವೈದ್ಯರು ಹಾಕುವ ಡ್ರಿಪ್ ಬೇರೆ, ‘ಶಕ್ತಿಗೆ’ ಅಂತ ಕೇಳಿ ಹಾಕಿಸಿಕೊಳ್ಳುವುದು ಬೇರೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಬಾಟಲ್ ಹಾಕಿಸಿದ ಸಮಾಧಾನದಲ್ಲಿ ಸುಸ್ತಿನ ನಿಜವಾದ ಕಾರಣ ಹುಡುಕುವುದೇ ನಿಂತುಹೋಗುತ್ತದೆ.

ಅದೇ ಅಡುಗೆ, ನಾಲ್ಕು ಬದಲಾವಣೆ

ಮೇಲೆ ಹೇಳಿದ ಅಜ್ಜಿಯ ತಟ್ಟೆಗೇ ಮರಳಿದರೆ, ಇರುವ ಅಡುಗೆಯಲ್ಲೇ 25 ಗ್ರಾಂ ಪ್ರೋಟೀನನ್ನು 50ರ ಹತ್ತಿರಕ್ಕೆ ತರಬಹುದು.

ಒಂದು, ಮಧ್ಯಾಹ್ನದ ತಿಳಿ ಸಾರಿನ ಬದಲು ಒಂದು ಹಿಡಿ ಕಾಳು ಅಥವಾ ಬೇಳೆ ಹಾಕಿದ ಗಟ್ಟಿ ಸಾರು. 30 ಗ್ರಾಂ ಕಾಳಿನಿಂದ ಸುಮಾರು 7 ಗ್ರಾಂ ಪ್ರೋಟೀನ್.

ಎರಡು, ರಾತ್ರಿ ನೀರು ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು. ಸುಮಾರು 4 ಗ್ರಾಂ ಹೆಚ್ಚುತ್ತದೆ.

ಮೂರು, ಸಂಜೆ ಬಿಸ್ಕತ್ತು, ಬನ್ ಬದಲು ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಬೀಜ. ಹಲ್ಲಿಲ್ಲದವರು ಪುಡಿ ಮಾಡಿ ಚಟ್ನಿಪುಡಿಯಂತೆ ಅನ್ನಕ್ಕೆ ಕಲಸಿಕೊಳ್ಳಬಹುದು. 30 ಗ್ರಾಂಗೆ 6ರಿಂದ 7 ಗ್ರಾಂ.

ನಾಲ್ಕು, ದಿನಕ್ಕೊಂದು ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಒಂದು ಲೋಟ ಹಾಲು. ಸುಮಾರು 6 ಗ್ರಾಂ. ರಾಗಿ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿಕೊಂಡರೆ ಬೆಳಗಿನ ತಿಂಡಿಯೇ ಆಗುತ್ತದೆ. ಶುಗರ್ ಇರುವವರು ಬೆಲ್ಲ ಹಾಕುವುದು ಬೇಡ.

ಇವೆಲ್ಲವನ್ನೂ ಒಂದೇ ಹೊತ್ತಿಗೆ ತಿನ್ನುವುದಕ್ಕಿಂತ ಮೂರು ಹೊತ್ತಿಗೆ ಹಂಚಿಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಹಸಿವೇ ಇಲ್ಲ ಅನ್ನುವವರಿಗೆ ಸ್ವಲ್ಪ ಸ್ವಲ್ಪವಾಗಿ ಐದು ಸಲ ಕೊಡಬಹುದು. ಕಿಡ್ನಿ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಆಸ್ಪತ್ರೆಗೆ ಯಾವಾಗ ಹೋಗಬೇಕು?

ಊಟ ಸರಿಪಡಿಸಿ ಎರಡು ಮೂರು ವಾರವಾದರೂ ಸುಸ್ತು ತಗ್ಗದಿದ್ದರೆ ಪರೀಕ್ಷೆ ಮಾಡಿಸಬೇಕು. ಪ್ರಯತ್ನಪಡದೆ ತೂಕ ಇಳಿಯುತ್ತಿದ್ದರೆ, ಕಾಲು ಊದಿದ್ದರೆ, ಮಲಗಿದರೆ ಉಸಿರು ಕಟ್ಟುವಂತಿದ್ದರೆ, ಎದೆ ಬಿಗಿತ ಇದ್ದರೆ, ಜ್ವರ ಬಿಡದಿದ್ದರೆ ಅಷ್ಟು ದಿನವೂ ಕಾಯುವುದು ಬೇಡ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡರೆ ತಕ್ಷಣ 108ಕ್ಕೆ ಕರೆ ಮಾಡಬೇಕು.

ಥೈರಾಯ್ಡ್, ಹೃದಯ, ಕಿಡ್ನಿ ತೊಂದರೆಗಳು, ಬಿಪಿ ಮತ್ತು ನಿದ್ರೆ ಮಾತ್ರೆಗಳ ಪ್ರಮಾಣ, ಮನಸ್ಸಿನ ಖಿನ್ನತೆ ಇವೆಲ್ಲವೂ ಸುಸ್ತಾಗಿಯೇ ಕಾಣಿಸಿಕೊಳ್ಳುತ್ತವೆ. ಸಂಗಾತಿ ತೀರಿಕೊಂಡ ಮೇಲೆ ಒಲೆ ಹಚ್ಚುವ ಮನಸ್ಸೇ ಇಲ್ಲದವರಿಗೆ ಯಾವ ಟಾನಿಕ್ಕೂ ಕೆಲಸ ಮಾಡದು. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಕಿಡ್ನಿ ಪರೀಕ್ಷೆ, ಅಗತ್ಯ ಕಂಡರೆ ಬಿ12, ವಿಟಮಿನ್ ಡಿ. ಇಷ್ಟಾದರೆ ಹೆಚ್ಚಿನ ಕಾರಣಗಳು ಬಯಲಾಗುತ್ತವೆ. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಕಡಿಮೆ. ಎಲ್ಲಿ ತೋರಿಸಬೇಕು ಅಂತ ಗೊತ್ತಾಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನು ದೂರದ ಊರಲ್ಲಿರುವ ಮಕ್ಕಳು ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಖರ್ಚೂ ಇಲ್ಲ. ಇವತ್ತು ರಾತ್ರಿ ಫೋನ್ ಮಾಡಿದಾಗ ‘ಊಟ ಆಯ್ತಾ?’ ಅನ್ನುವ ಬದಲು ‘ಊಟಕ್ಕೆ ಏನ್ ಮಾಡಿದ್ದೆ ಅಮ್ಮ? ಕಾಳು ಹಾಕಿದ್ಯಾ? ನೀನೂ ತಿಂದ್ಯಾ?’ ಅಂತ ಕೇಳಿ. ಒಂದು ವಾರ ಕೇಳಿದರೆ ಸಾಕು, ತಟ್ಟೆಯಲ್ಲಿ ಏನು ಕಮ್ಮಿಯಾಗಿದೆ ಅನ್ನುವುದು ಗೊತ್ತಾಗಿಬಿಡುತ್ತದೆ.